ಕಹಳೆ ನಿಂತ ಮೇಲೆ ಬಿದ್ದ ಏಟುಗಳು

ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಕಹಳೆ ಮೇಸ್ತ್ರಿ ಟ್ಯಾಕ್ಸಿಯೊಂದರ ನೆಗ್ಗಿದ ಬಾಗಿಲನ್ನು ಒಳಗಿನಿಂದ ಬಡಿದು ಹೊರಕ್ಕೆ ತರುತ್ತಿದ್ದರು. ಅಪಘಾತದಲ್ಲಿ ಜಖಂಗೊಂಡ ಕಾರುಗಳಿಗೆ ಟಿಂಕರಿಂಗ್ ಮಾಡುವ ಶೆಡ್ಡು ಅದು. ಸೀಟಿನ ಮೇಲೆ ಒಣಗಿದ ರಕ್ತವನ್ನೂ ಗಾಜಿನ ಪುಡಿಗೆ ಅಂಟಿದ ಕೂದಲನ್ನೂ ಮೊದಲು ಒರೆಸಿ ತೆಗೆದು, ಆಮೇಲೆ ಸುತ್ತಿಗೆ ಹಿಡಿಯುವುದು ಅಲ್ಲಿನ ಕ್ರಮ.

ಮೇಸ್ತ್ರಿ ಆ ಕೆಲಸಕ್ಕೆ ಬಂದು ಒಂದು ವರ್ಷವಾಗಿತ್ತಷ್ಟೆ. ಅದಕ್ಕೆ ಮೊದಲು ಅವರು ಸಿನಿಮಾ ಸಂಗೀತದ ಸ್ಟುಡಿಯೊದಲ್ಲಿ ಟ್ರಂಪೆಟ್ ಊದುತ್ತಿದ್ದರು. ನೆರೆಹೊರೆಯವರು ಅದನ್ನು ಕಹಳೆ ಎಂದರು, ಅವರನ್ನೂ ಹಾಗೇ ಕರೆದರು. ಈಗ ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳು ಕಟ್ಟಿಸಿದವು. ಮೇಲ್ದುಟಿಯಿಂದ ಮೂಗಿನವರೆಗೆ ಹೊಲಿಗೆಯ ಗೆರೆ ಇದೆ. ಕಟ್ಟಿಸಿದ ಹಲ್ಲಿನಲ್ಲಿ ಬ್ರೆಡ್ಡು ಕಡಿಯಬಹುದು. ಊದುವಾಗಿನ ಒತ್ತಡವನ್ನು ಅವು ತಡೆಯುವುದಿಲ್ಲ.

ಸ್ಟುಡಿಯೊದ ಡ್ರೈವರ್ ಬಂದದ್ದು ಆಗಲೇ. ಅವನ ಕೈಯಲ್ಲಿ ಒಂದು ಸಿ.ಡಿ., ಮೂರು ಟಿಕೆಟ್ ಇದ್ದವು.

"ಮೇಸ್ತ್ರೀ, ನಿಮ್ಮ ರಾಕ್ಷಸ ಕೊನೆಗೂ ಬಿಡುಗಡೆ ಆದ ನೋಡಿ. ಇದು ಬರೀ ಸಂಗೀತದ್ದು. ಇವು ಸಿನಿಮಾಕ್ಕೆ, ಭಾನುವಾರ ಮಧ್ಯಾಹ್ನದ ಆಟ."

"ಮೂರು ಯಾಕೆ?"

"ಸಂಗೀತ ನಿರ್ದೇಶಕರೇ ಕೊಟ್ಟಿದ್ದು. ಇನ್ನೊಂದು ಮಾತೂ ಕೇಳ್ಕೊಂಡು ಬಾ ಅಂದ್ರು. ನಿಮ್ಮ ಭಾವಮೈದುನನ್ನ ಮುಂದಿನ ವಾರದಿಂದ ಮತ್ತೆ ಕರೆಸ್ಕೊಬಹುದಾ ಅಂತ. ನೀವು ಹ್ಞೂಂ ಅಂದ್ರೆ ಮಾತ್ರ."

"ಹ್ಞೂಂ."

"ಯೋಚನೆ ಮಾಡಿ ಹೇಳಿ ಮೇಸ್ತ್ರಿ. ಹೋಗಿದ್ದು ನಿಮ್ಮ ಬಾಯಿ."

"ಅದಕ್ಕೇ ನನ್ನ ಬಾಯಿಂದಾನೇ ಹೇಳ್ತಿದ್ದೀನಿ. ಬರ್ತಾನೆ ಅಂತ ಹೇಳು."

ವರ್ಷವಿಡೀ ಮೇಸ್ತ್ರಿ ಕಾದದ್ದು ಈ ಕರೆಗೆ. ಶೆಡ್ಡಿನ ಕೆಲಸ ಮುಗಿದ ಮೇಲೆ ಅವರು ಪ್ರತಿ ಸಂಜೆ ಮೈದುನನಿಗೆ ಪಾಠ ಹೇಳಿದ್ದರು. ತಾವು ಊದಿ ತೋರಿಸಲಾರರು. ಮೂಗಿನಲ್ಲಿ ಗುನುಗುವರು, ತಪ್ಪಿದರೆ ಸುತ್ತಿಗೆಯ ಹಿಡಿಯಿಂದ ಅವನ ಬೆನ್ನಿಗೆ ಒಂದು ಬಿಡುವರು. ತನ್ನ ಸ್ವರ ಉಳಿಯುವುದಿದ್ದರೆ ಅದು ಈ ಹುಡುಗನ ತುಟಿಯಲ್ಲೇ ಎಂಬುದು ಅವರಿಗೆ ಖಚಿತವಾಗಿತ್ತು. ಅವರ ತುಟಿ ಒಡೆದವನೂ ಅವನೇ.

ನಡೆದದ್ದು ಹೀಗೆ. ಚಿತ್ರದಲ್ಲಿ ಕಲ್ಲುರಾಕ್ಷಸ ಸಮುದ್ರದಿಂದೆದ್ದು ಕೋಟೆಯ ಬಾಗಿಲಿಗೆ ಬರುತ್ತಾನೆ. ಕಾವಲುಗಾರ ಕೊನೆಯ ಸಲ ಕಹಳೆ ಊದುತ್ತಾನೆ. ಒಂದೇ ಸ್ವರ, ಉಸಿರು ಇರುವಷ್ಟು ಉದ್ದ. ಅದನ್ನು ಮೈದುನ ಊದಬೇಕಿತ್ತು. ಬೆಳಗಿನಿಂದ ಊದಿದರೂ ಸ್ವರ ನಡುವೆಯೇ ಒಡೆಯಿತು. ನಿರ್ದೇಶಕರು ಮೇಸ್ತ್ರಿಯ ಕಡೆ ಕೈ ತೋರಿಸಿದರು. ಮೇಸ್ತ್ರಿ ಒಂದೇ ಸಲಕ್ಕೆ ಮುಗಿಸಿದರು. ಊಟದ ಬಿಡುವು ಎಂದು ಅವರಿಬ್ಬರನ್ನು ಬಿಟ್ಟು ಎಲ್ಲರೂ ಹೊರಗೆ ಹೋದರು. ರೆಕಾರ್ಡಿಂಗ್ ಯಂತ್ರವನ್ನು ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ.

"ಆ ಮೈಕೇ ಸರಿ ಇರ್ಲಿಲ್ಲ ಭಾವ," ಎಂದ ಮೈದುನ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಮೇಸ್ತ್ರಿ ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. "ನಿಮ್ಮಕ್ಕನ ಮಾಂಸದ ಅಂಗಡಿಗೆ ಹೋಗಿ ಊದು. ಅಲ್ಲಿ ಕುರಿಗಳು ಮೊದಲೇ ಸತ್ತಿರ್ತವೆ, ಹಿಂಸೆ ಆಗಲ್ಲ," ಎಂದರು.

ಮೈದುನ ಟ್ರಂಪೆಟ್ಟನ್ನು ಎರಡೂ ಕೈಯಲ್ಲಿ ತಿರುಗಿಸಿ ಹಿಡಿದು, ಅದರ ನಡುವಿನ ಗಟ್ಟಿ ಭಾಗದಿಂದ ಅವರ ಬಾಯಿಗೆ ಹೊಡೆದ. ಹಲ್ಲು ಮುರಿಯುವ ಸದ್ದು ಹೊರಗಿಗಿಂತ ತಲೆಯೊಳಗೆ ಜೋರು. ಮೇಸ್ತ್ರಿ ಹಿಂದಕ್ಕೆ ಬಿದ್ದರು. ಅವನು ಅವರ ಹೊಟ್ಟೆಯ ಮೇಲೆ ಮಂಡಿಯೂರಿ ಮತ್ತೆ ಹೊಡೆದ. ಪಕ್ಕೆಗೆ, ಭುಜಕ್ಕೆ, ಮತ್ತೆ ಅದೇ ಪಕ್ಕೆಗೆ. ಹಿತ್ತಾಳೆ ಬಾಗಿತು. ಎರಡು ಪಕ್ಕೆಲುಬು ಮುರಿದವು. ಮೊದಲನೆಯದು ಬಿಟ್ಟು ಇನ್ನೂ ಆರು. ಒಂದೊಂದು ಏಟಿನ ನಡುವೆಯೂ ಕೈ ಎತ್ತುವಷ್ಟು ಹೊತ್ತಿತ್ತು. ಅಂದರೆ ನಿಲ್ಲಿಸುವಷ್ಟು ಹೊತ್ತೂ ಇತ್ತು.

ಜನ ಓಡಿ ಬಂದಾಗ ಮೈದುನ ರಕ್ತದಲ್ಲಿ ಕುಳಿತು ತಲೆ ಹಿಡಿದುಕೊಂಡಿದ್ದ. ಮೊದಲಿನಿಂದ ನೋಡಿದವರು ಯಾರೂ ಇರಲಿಲ್ಲ. ಪೊಲೀಸರು ಇಬ್ಬರನ್ನೂ ಠಾಣೆಗೆ ಒಯ್ದರು. ಬಿದ್ದ ಏಟು ಒಂದೇ, ಅದೂ ಕೋಪದಲ್ಲಿ; ಪಕ್ಕೆ ಮುರಿದದ್ದು ಮೈಕಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಬಿದ್ದು. ಮೇಸ್ತ್ರಿ ಹೀಗೆ ಹೇಳಿದ್ದರಿಂದ ಮೈದುನ ಜೈಲಿಗೆ ಹೋಗದೆ ಉಳಿದ.

ಹೆಂಡತಿಗೂ ಅವರು ಹೇಳಿದ್ದು ಅದನ್ನೇ. ಆಕೆ ಶೆಡ್ಡಿನ ಎದುರು ಸಾಲಿನಲ್ಲಿ ಮಾಂಸದ ಅಂಗಡಿ ನಡೆಸುತ್ತಿದ್ದಳು, ಅಪ್ಪನಿಂದ ಬಂದದ್ದು. ತಾಯಿ ಸತ್ತ ಮೇಲೆ ತಮ್ಮನನ್ನು ಎತ್ತಿ ಆಡಿಸಿದವಳೂ ಆಕೆಯೇ. ಅವನು ಠಾಣೆಯಿಂದ ಬಂದ ದಿನ ಬೀದಿಯಲ್ಲೇ ಅವನ ಕೆನ್ನೆಗೆ ಬಾರಿಸಿದಳು. ಆಮೇಲೆ ಏಪ್ರನ್ ಕಟ್ಟಿ ಅಂಗಡಿಯಲ್ಲಿ ನಿಲ್ಲಿಸಿದಳು.

"ಮೊದಲ್ನೇ ಏಟು ಕೋಪ ಹೊಡೆಯುತ್ತೆ. ಎರಡನೇದು ಮನುಷ್ಯನೇ ಹೊಡಿಯೋದು," ಎಂದಿದ್ದಳು. "ಒಂದು ಅಂತ ನಿನಗೆ ಅನ್ನ ಹಾಕ್ತಿದ್ದೀನಿ. ಎರಡಾಗಿದ್ರೆ ಆ ಕೈಯನ್ನ ನಾನೇ ಕಡಿದು ಹಾಕ್ತಿದ್ದೆ."

ಇದು ಬರೀ ಬಾಯಿಮಾತಲ್ಲವೆಂದು ಗಂಡನಿಗೂ ತಮ್ಮನಿಗೂ ಗೊತ್ತಿತ್ತು. ಅವರಿಬ್ಬರ ನಡುವೆ ಆ ವಿಷಯ ಮತ್ತೆ ಬರಲಿಲ್ಲ.

ಸಿ.ಡಿ.ಯನ್ನು ಆಕೆ ಅಂಗಡಿಯಲ್ಲೇ ಹಾಕಿದಳು. ನಾಲ್ಕು ದಿನ ಬೇರೆ ಯಾವ ಹಾಡಿಗೂ ಜಾಗವಿರಲಿಲ್ಲ. ಆರನೆಯ ತುಣುಕಿನಲ್ಲಿ ಕಹಳೆಯ ಸ್ವರ ತೆಳುವಾಗಿ ಏಳುತ್ತದೆ, ದಪ್ಪವಾಗುತ್ತದೆ, ತಾನೇ ಸಣ್ಣದಾಗಿ ನಿಲ್ಲುತ್ತದೆ. ನಿಂತ ಕ್ಷಣವೇ ದೊಡ್ಡ ನಗಾರಿಗಳ ಪೆಟ್ಟು ಬೀಳುತ್ತದೆ.

"ನಮ್ಮ ಯಜಮಾನ್ರು," ಎಂದು ಗಿರಾಕಿಗಳಿಗೆ ಹೇಳುವಳು.

"ತೊಡೆ ಕಡೀಮ್ಮ ಮೊದಲು, ಹೊತ್ತಾಯ್ತು."

"ಸ್ವರ ನಿಲ್ಲಲಿ ಇರಿ."

ಸ್ವರ ನಡೆಯುವಷ್ಟು ಹೊತ್ತು ಮಚ್ಚನ್ನು ಎತ್ತಿ ಹಿಡಿದಿರುವಳು. ಮೊದಲ ನಗಾರಿಯ ಜೊತೆಗೇ ಅದನ್ನು ಮೂಳೆಯ ಮೇಲೆ ಇಳಿಸುವಳು. ನಾಲ್ಕು ದಿನದಲ್ಲಿ ಆಕೆಯ ತೋಳು ಆ ಅಳತೆಯನ್ನು ಕಲಿತುಬಿಟ್ಟಿತು.

ಭಾನುವಾರ ಮೂವರೂ ಚಿತ್ರಮಂದಿರಕ್ಕೆ ಹೋದರು. ಆಕೆ ನಡುವೆ ಕುಳಿತಳು. ಪರದೆಯ ಮೇಲೆ ರಾಕ್ಷಸ ಕೋಟೆಯ ಗೋಡೆ ಮುರಿದ, ಸೈನಿಕರನ್ನು ಹಿಡಿಹಿಡಿಯಾಗಿ ಬಾಚಿ ಬಂಡೆಗೆ ಅಪ್ಪಳಿಸಿದ. ಕಾವಲುಗಾರ ಬುರುಜು ಹತ್ತಿ ಕಹಳೆ ಎತ್ತಿದ. ಸ್ವರ ಎದ್ದಿತು. ಕತ್ತಲಲ್ಲಿ ಆಕೆಯ ಬಲಗೈ ಮಡಿಲಿನಿಂದ ತಾನಾಗಿ ಮೇಲೆದ್ದಿತು.

ಸ್ವರ ಅರ್ಧಕ್ಕೇ ತುಂಡಾಯಿತು. ನಗಾರಿ ಬರಲಿಲ್ಲ. ಸಂಗೀತವೇ ಇಲ್ಲದ ಮೌನದಲ್ಲಿ ರಾಕ್ಷಸ ಕಾವಲುಗಾರನನ್ನು ಹೊಡೆಯತೊಡಗಿದ. ಪ್ರತಿ ಏಟಿಗೂ ಮೊದಲು ಮೆತ್ತಗಿನ ಸದ್ದು, ಅದರ ಹಿಂದೆಯೇ ಗಟ್ಟಿ ಸದ್ದು. ನಡುನಡುವೆ ಒಬ್ಬನ ನರಳಿಕೆ, ಬಾಯಿಯಲ್ಲಿ ನೀರು ತುಂಬಿಕೊಂಡು ನರಳಿದ ಹಾಗೆ.

ಚಿತ್ರಕ್ಕೆ ಸದ್ದು ಜೋಡಿಸಿದವನು ಏಟುಗಳಿಗಾಗಿ ಹುಡುಕುತ್ತ ಸ್ಟುಡಿಯೊದ ಹಳೆಯ ರೆಕಾರ್ಡಿಂಗುಗಳಲ್ಲಿ ಆ ಊಟದ ಬಿಡುವಿನದನ್ನು ಕಂಡುಕೊಂಡಿದ್ದ. ಯಾರೋ ಪ್ರಯೋಗಕ್ಕೆ ಮಾಡಿದ್ದಿರಬೇಕು, ಬಹಳ ಚೆನ್ನಾಗಿದೆ ಎಂದುಕೊಂಡು ಬಳಸಿಕೊಂಡಿದ್ದ. ಸಂಗೀತದ ಸಿ.ಡಿ.ಗೆ ಏಟುಗಳು ಬೇಕಿರಲಿಲ್ಲ. ಅಲ್ಲಿ ಸ್ವರ ಪೂರ್ತಿಯಾಗಿ ಉಳಿದಿತ್ತು.

ಮೇಸ್ತ್ರಿ ತಮ್ಮ ನರಳಿಕೆಯನ್ನು ಗುರುತಿಸಿದರು. ಪಕ್ಕಕ್ಕೆ ತಿರುಗಿದರು. ಹೆಂಡತಿಯ ಬೆರಳುಗಳು ಕುರ್ಚಿಯ ಕೈಯನ್ನು ಒಂದೊಂದಾಗಿ ಒತ್ತುತ್ತಿದ್ದವು. ಒಂದು ಕೈಯ ಐದೂ ಬೆರಳು ಮುಗಿದು ಇನ್ನೊಂದು ಕೈಯಲ್ಲಿ ಎರಡು. ಆಚೆಗೆ ಮೈದುನ ಪರದೆಯನ್ನು ನೋಡುವುದನ್ನೇ ಬಿಟ್ಟಿದ್ದ.

ಹೊರಗೆ ಬಂದಾಗ ಆಕೆ ಹೇಳಿದ್ದು ಇಷ್ಟೇ: "ನಿಮ್ಮ ಸ್ವರವನ್ನ ಅರ್ಧಕ್ಕೇ ಕತ್ತರಿಸಿದ್ದಾರೆ."

ಮರುದಿನ ಬೆಳಿಗ್ಗೆ, ಅಂಗಡಿ ತೆರೆಯುವ ಮೊದಲು, ಆಕೆ ಮಾಂಸ ಕಡಿಯುವ ದಿಮ್ಮಿಯನ್ನು ತೊಳೆದು ಒರೆಸಿ ತಮ್ಮನನ್ನು ಕರೆದಳು. ಸ್ಟುಡಿಯೊಗೆ ಹೊರಡಲು ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

"ಸಿನಿಮಾದಲ್ಲಿ ಏಟಿನ ಸದ್ದು ಹೇಗೆ ಮಾಡ್ತಾರೋ?"

"ಎಲೆಕೋಸಿಗೆ ಹೊಡೀತಾರೆ ಅಕ್ಕ. ಇಲ್ಲಾಂದ್ರೆ ಒದ್ದೆ ಚರ್ಮಕ್ಕೆ."

ಎಲೆಕೋಸನ್ನು ಆಕೆ ಮೊದಲೇ ತಂದಿಟ್ಟಿದ್ದಳು. ತೂಕದ ಹಿತ್ತಾಳೆಯ ಬಟ್ಟನ್ನು ಮುಷ್ಟಿಯಲ್ಲಿ ಹಿಡಿದು ಅದಕ್ಕೆ ಹೊಡೆದಳು. "ಇದಲ್ಲ." ಕೊಕ್ಕೆಯಿಂದ ಹಸಿ ಚರ್ಮ ತೆಗೆದು ಮಡಚಿ ಹೊಡೆದಳು. "ಇದೂ ಅಲ್ಲ." ಆಮೇಲೆ ಕುರಿಯ ಅರ್ಧ ಎದೆಗೂಡನ್ನು ಇಳಿಸಿ ದಿಮ್ಮಿಯ ಮೇಲೆ ಹಾಕಿದಳು. ಬಟ್ಟು ಬಿತ್ತು. ಮೊದಲು ಮೆತ್ತಗೆ ಮಾಂಸ, ಹಿಂದೆಯೇ ಗಟ್ಟಿಯಾಗಿ ಪಕ್ಕೆಲುಬು.

"ಇದು," ಎಂದಳು. "ಏಳು ಸಲ. ನರಳಿದ್ದು ಯಾರು ಅಂತ ನನಗೆ ಹೇಳ್ಕೊಡಬೇಡ. ಅವರ ಪಕ್ಕದಲ್ಲಿ ಮಲಗೋಳು ನಾನು."

"ಅಕ್ಕ, ಭಾವಾನೇ ಒಂದು ಅಂದ್ರು. ನಾನು..."

"ನೀನು ಸುಮ್ಮನಿದ್ದೆ. ವರ್ಷ ಪೂರ್ತಿ ನನ್ನ ಕೈಯಲ್ಲಿ ಬಡಿಸ್ಕೊಂಡು ತಿಂದೆ."

ಕುರಿಯ ತೊಡೆಯನ್ನು ಹಿಡಿಯುವಂತೆ ಅವನ ಬಲ ಮಣಿಕಟ್ಟನ್ನು ಹಿಡಿದು ದಿಮ್ಮಿಯ ಮೇಲೆ ಚಪ್ಪಟೆಯಾಗಿ ಒತ್ತಿದಳು. ಮಚ್ಚು ಹೆಬ್ಬೆರಳಿನ ಪಕ್ಕಕ್ಕೆ ಬಿದ್ದು ಮರದಲ್ಲಿ ನಾಟಿತು. ಕಿತ್ತು ಮತ್ತೆ ಹಾಕಿದಳು. ಬೆರಳುಗಳ ಸುತ್ತ ಮರದ ಚಕ್ಕೆಗಳು ಹಾರಿದವು. ಒಂದು ಚಕ್ಕೆ ಅವನ ಕಣ್ಣಿನ ಕೆಳಗೆ ಸೀಳಿತು. ಅವನು ಕೈ ಎಳೆದುಕೊಳ್ಳಲಿಲ್ಲ.

ಶೆಡ್ಡಿನಲ್ಲಿ ಮೇಸ್ತ್ರಿಗೆ ಆ ಸದ್ದು ಕೇಳಿಸಿತು. ಮಾಂಸವಿಲ್ಲದ ದಿಮ್ಮಿಯ ಮೇಲೆ ಮಚ್ಚು ಬೀಳುತ್ತಿತ್ತು. ಸುತ್ತಿಗೆ ಎಸೆದು ರಸ್ತೆ ದಾಟಿ ಓಡಿದರು. ಅವರು ಬಾಗಿಲಿಗೆ ಬಂದಾಗ ಮಚ್ಚು ಮತ್ತೆ ಮೇಲಿತ್ತು, ಈ ಸಲ ನೇರವಾಗಿ ಬೆರಳುಗಳ ಮೇಲೆ.

"ಬಲಗೈ ಬಿಡು."

"ನೀವು ಮಾತಾಡ್ಬೇಡಿ. ನಿಮ್ಮ ಲೆಕ್ಕ ನೆಟ್ಟಗಿಲ್ಲ ಅಂತ ಗೊತ್ತಾಯ್ತು."

"ನನ್ನ ಬಾಯಿ ಹೋಗಿದ್ದು ಮೊದಲ್ನೇ ಏಟಿಗೆ ಕಣೇ. ಆಮೇಲಿಂದು ಬರೀ ನೋವು, ಮಾಯೋ ಅಂಥದ್ದು. ಆ ಮೊದಲ್ನೇದನ್ನ ನಾನೇ ಕೇಳಿ ಹಾಕಿಸ್ಕೊಂಡೆ." ಅಂದು ಕುರಿಯ ಬಗ್ಗೆ ಆಡಿದ ಮಾತನ್ನು ಅವರು ಮೊದಲ ಸಲ ಹೆಂಡತಿಗೆ ಹೇಳಿದರು.

ಆಕೆ ಕೇಳಿಸಿಕೊಂಡಳು. "ನನ್ನ ಅಂಗಡೀನ ಹಾಗಂದ್ರಾ?"

"ಅಂದೆ."

"ನಿಮಗೂ ಒಂದು ಬೀಳಬೇಕಿತ್ತು ಬಿಡಿ. ಒಂದು. ಏಳಲ್ಲ." ಮಚ್ಚು ಕೆಳಗಿಳಿಯಲಿಲ್ಲ. "ಮೂಳೆ ಮುರಿದ ಮೇಲೂ ಹೊಡ್ದಿದ್ದಾನೆ ರೀ. ನನಗೆ ಕೇಳಿಸ್ತು."

"ಹೊಡೀಲೇಬೇಕು ಅಂದ್ರೆ ಎಡಗೈಗೆ ಹೊಡಿ. ಎಡಗೈ ಬರೀ ಹಿಡಿಯೋಕೆ, ಹಗ್ಗ ಹಾಕಿ ಕಟ್ಟಿದ್ರೂ ನಡೆಯುತ್ತೆ. ಗುಂಡಿ ಒತ್ತೋ ಬಲಗೈಲಿ ಸ್ವರ ಇದೆ. ಅದು ಅವನ್ದಲ್ಲ, ನಂದು."

ಮೈದುನ ಅಕ್ಕನ ಹಿಡಿತದಿಂದ ಬಲಗೈಯನ್ನು ನಿಧಾನವಾಗಿ ಬಿಡಿಸಿಕೊಂಡ. ಎಡಗೈಯನ್ನು ತಾನೇ ದಿಮ್ಮಿಯ ಮೇಲಿಟ್ಟ. ಆಕೆ ಮಚ್ಚನ್ನು ತಿರುಗಿಸಿ ಬೆನ್ನಿನ ಕಡೆಯಿಂದ ಹೊಡೆದಳು. ಕಿರುಬೆರಳೂ ಅದರ ಪಕ್ಕದ್ದೂ ಮುರಿದವು. ಉಗುರು ಸೀಳಿ ರಕ್ತ ಅವಳ ಮುಖಕ್ಕೆ ಹಾರಿತು. ಅವನು ಬಗ್ಗಿ ವಾಂತಿ ಮಾಡಿಕೊಂಡ. ಆಕೆ ಮಚ್ಚು ಬಿಸಾಡಿ, ತನ್ನ ಏಪ್ರನ್ ಬಿಚ್ಚಿ ಆ ಕೈಗೆ ಸುತ್ತಿ, ಎದೆಗೊತ್ತಿಕೊಂಡು ಹಿಡಿದಳು. ದವಾಖಾನೆಯವರೆಗೂ ಬಿಡಲಿಲ್ಲ.

ಡಾಕ್ಟರು ಬೆರಳುಗಳನ್ನು ನೇರ ಮಾಡಿ ಪಟ್ಟಿ ಕಟ್ಟಿದರು. ಮೇಸ್ತ್ರಿ ಕೇಳಿದರು: "ಇವತ್ತು ಕೆಲಸಕ್ಕೆ ಹೋಗಬಹುದಾ ಡಾಕ್ಟ್ರೇ?"

"ಏನು ಕೆಲಸ?"

"ಟ್ರಂಪೆಟ್ ಊದೋದು."

"ಬಾಯಿಗೇನೂ ಆಗಿಲ್ವಲ್ಲ. ನೋವು ತಡ್ಕೊಂಡ್ರೆ ಹೋಗ್ಲಿ." ಆಮೇಲೆ ಅವರು ಅಕ್ಕನ ಮುಖದ ಮೇಲಿನ ರಕ್ತ ನೋಡಿದರು, ಮೈದುನನ ಕಣ್ಣಿನ ಕೆಳಗಿನ ಸೀಳು ನೋಡಿದರು. "ನಿಜ ಹೇಳಿ. ಎಷ್ಟು ಏಟು ಬಿತ್ತು?"

ಮೈದುನ ಭಾವನ ಕಡೆ ತಿರುಗಿದ. ಆ ಪ್ರಶ್ನೆಯನ್ನು ಅವನು ಹಿಂದೊಮ್ಮೆ ಕೇಳಿಸಿಕೊಂಡಿದ್ದ, ಠಾಣೆಯ ಬೆಂಚಿನ ಮೇಲೆ ಕುಳಿತು. ಅಂದು ಮೇಸ್ತ್ರಿಯ ಬಾಯಿಗೆ ಇನ್ನೂ ಹೊಲಿಗೆ ಬಿದ್ದಿರಲಿಲ್ಲ. ಮಾತಾಡಬೇಡಿ, ಬೆರಳು ತೋರಿಸಿದರೆ ಸಾಕು ಎಂದಿದ್ದರು ಅಧಿಕಾರಿ. ಮೇಸ್ತ್ರಿ ತಲೆಯಾಡಿಸಿ, ಬಾಯಿಗೆ ಒತ್ತಿದ್ದ ಬಟ್ಟೆ ತೆಗೆದರು. ಆ ಸಂಖ್ಯೆ ಹೇಳಲು ನಾಲಿಗೆ ಮೇಲಿನ ಹಲ್ಲಿಗೆ ತಾಗಬೇಕು. ಹಲ್ಲಿರಲಿಲ್ಲ, ನಾಲಿಗೆ ತೆರೆದ ಗಾಯಕ್ಕೆ ತಾಗಿತು. ಮೇಜಿನ ಮೇಲೆ ರಕ್ತ ಚಿಮ್ಮಿತು. ಅಧಿಕಾರಿಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ ಎಂದರು. ಮೇಸ್ತ್ರಿ ಬಾಯಿಯಲ್ಲಿದ್ದುದನ್ನು ನುಂಗಿಕೊಂಡು, ಬೆಂಚಿನವರೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದರು:

"ಒಂದು."