ಕೆಳಮನೆ ಅಕ್ಕನ ದನಿ

ಮೊನ್ನೆ ಮಿಕ್ಸಿ ರಿಪೇರಿಗೆಂದು ಯಶವಂತಪುರದ ಒಂದು ಅಂಗಡಿಗೆ ಹೋಗಿದ್ದೆ. ಗಾಜಿನ ಕಪಾಟಿನಲ್ಲಿ ಹಳೆ ಸಾಮಾನುಗಳ ನಡುವೆ ಅಂಗೈಯಗಲದ ಕಪ್ಪು ಡಬ್ಬಿಯೊಂದಿತ್ತು. ಮುಂದುಗಡೆ ಎರಡು ತಿರುಗಣೆ, ಮೈಕಿನ ವೈರು ಸಿಕ್ಕಿಸುವ ದುಂಡು ತೂತು, ಪುಟ್ಟದೊಂದು ದೀಪ. ನೋಡುತ್ತಿದ್ದಂತೆ ನನ್ನ ಕಿವಿ ಬಿಸಿಯಾಯಿತು. ಇಷ್ಟು ವರ್ಷವಾದ ಮೇಲೂ...

ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ. ನನ್ನವರಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿದ್ದರಿಂದ ಗದಗಿನ ಕಡೆಯಿಂದ ಬಂದು ಬಾಗಲಗುಂಟೆಯಲ್ಲಿ ಮಹಡಿ ಮನೆ ಹಿಡಿದಿದ್ದೆವು. ಜೊತೆಗೆ ಅತ್ತೆ. ಕೆಳಮನೆಯಲ್ಲಿದ್ದವರು ಅಲ್ಲಿನ ಹಳೆ ಊರಿನವರೇ. ಗಂಡ ತೀರಿಕೊಂಡಿದ್ದರು, ಮಗಳನ್ನು ಬಾಗಲೂರಿಗೆ ಕೊಟ್ಟಿದ್ದರು. ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಅಳಿಯನ ಹಳೆ ಲ್ಯಾಪ್‌ಟಾಪಿಗೆ ಇಂಥದೇ ಕಪ್ಪು ಡಬ್ಬಿ, ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಇಳಿಸುವ ಅಗ್ಗದ ಆಡಿಯೊ ಇಂಟರ್‌ಫೇಸ್, ಜೋಡಿಸಿಕೊಂಡು, ಅಂಗಡಿಗಳಿಗೆ, ಪ್ರಚಾರದ ಆಟೊಗಳಿಗೆ ಮನೆಯಲ್ಲೇ ಅನೌನ್ಸ್‌ಮೆಂಟ್ ರೆಕಾರ್ಡ್ ಮಾಡಿಕೊಡುತ್ತಿದ್ದರು.

ಆಗ ನಾನು ಅಂಗಡಿಯಲ್ಲಿ ಬಾಯಿ ತೆರೆದರೆ ನನ್ನ ಗದಗಿನ ಮಾತಿಗೆ ಜನ ನಗುತ್ತಿದ್ದರು. ಅಕ್ಕ ಮಾತ್ರ ನಗಲಿಲ್ಲ. "ನಿನ್ ವಾಯ್ಸು ಗಂಟೆ ಹೊಡ್ದಂಗೈತೆ ಕಣಮ್ಮ. ಬಾ, ಇಂಗೇ ಮೈಕ್ ಮುಂದೆ ಮಾತಾಡು" ಎಂದು ಕರೆದರು.

ದನಿ ಮಾರ್ದನಿಸದಂತೆ ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ಫ್ಯಾನ್ ಆರಿಸಿ, ಪಕ್ಕದ ಮನೆಯ ಕುಕ್ಕರ್ ಕೂಗಿ ಮುಗಿಯಲೆಂದು ಕಾಯುತ್ತಿದ್ದೆವು. ಚಾರ್ಜರ್ ಸಿಕ್ಕಿಸಿದ್ದರೆ ಹೆಡ್‌ಫೋನಿನಲ್ಲಿ ಗುಂಯ್ ಎನ್ನುವ ಸದ್ದು. ಅದನ್ನು ಕಿತ್ತು, ಬ್ಯಾಟರಿ ಇರುವಷ್ಟರಲ್ಲೇ ಮುಗಿಸಬೇಕು. ನನ್ನ ದನಿ ಏರಿದರೆ ಡಬ್ಬಿಯ ದೀಪ ಕೆಂಪಾಗುತ್ತಿತ್ತು, ಅಕ್ಕ ತಿರುಗಣೆಯನ್ನು ಒಂದಿಷ್ಟೇ ಹಿಂದಕ್ಕೆ ತಿರುಗಿಸುತ್ತಿದ್ದರು. ಮೊದಲ ಸಲ ನನ್ನ ದನಿಯನ್ನು ನಾನೇ ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಆಮೇಲೆ ರುಚಿ ಹತ್ತಿತು. ಸೀರೆ ಅಂಗಡಿ, ಬೇಕರಿ... ಅತ್ತೆಗೆ ಮಾತ್ರ ಹೇಳಿರಲಿಲ್ಲ.

ಒಂದು ದಿನ ಯಲಹಂಕದ ಮೂಲವ್ಯಾಧಿ ಕ್ಲಿನಿಕ್ಕಿನದು ಬಂತು. ಹೆಂಗಸಿನ ದನಿಯೇ ಬೇಕಂತೆ. ನಾನು ಹಿಂಜರಿದೆ.

"ಯಲಹಂಕದ ಆಚೆ ಹುಣಸಮಾರನಹಳ್ಳಿ ಕಡೆ ಆಡಿಸ್ತಾರಂತೆ. ನಮ್ ಕಡೆ ಬರಲ್ಲ ಬಿಡಮ್ಮ" ಎಂದರು ಅಕ್ಕ. ಕ್ಲಿನಿಕ್ಕಿನವರು ಅವರಿಗೂ ಹಾಗೆಂದೇ ಹೇಳಿದ್ದರು. ನಾನು ಒಪ್ಪಿ ಓದಿಕೊಟ್ಟೆ.

ಆದರೆ ಆಟೊ ನಮ್ಮ ಬೀದಿಗೇ ಬಂತು. ಅತ್ತೆ, ನಾನು, ಅಕ್ಕಪಕ್ಕದ ಹೆಂಗಸರು ಗೇಟಿನ ಬಳಿ ಸೊಪ್ಪು ಆರಿಸುತ್ತಿದ್ದೆವು. ಎಲ್ಲಿ ನೋವು, ಎಲ್ಲಿ ರಕ್ತ ಎಂದು ನನ್ನ ದನಿ ಬೀದಿಗೆಲ್ಲ ವಿವರಿಸುತ್ತಾ ಹೋಯಿತು. ಹುಡುಗರು ಅಣಕಿಸುತ್ತಾ ಹಿಂದೆ ಓಡಿದರು. ಅತ್ತೆ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಕೆಳಗಿಟ್ಟು, "ಇದು ನಿನ್ನ ದನಿ ಅಲ್ಲೇನ?" ಎಂದರು. ಹೆಂಗಸರೆಲ್ಲ ನನ್ನತ್ತ ತಿರುಗಿದರು. ನಾನು ಮೆಟ್ಟಿಲು ಹತ್ತಿ ಓಡಿದೆ.

"ಮನಿ ಮರ್ಯಾದಿ ಮೈಕಿನ್ಯಾಗ ಹಾಕಿದಿ" ಎಂದಷ್ಟೇ ಹೇಳಿ ಅತ್ತೆ ನನ್ನೊಡನೆ ಮಾತು ಬಿಟ್ಟರು. ನಾನು ಕೆಳಗಿಳಿಯುವುದನ್ನೇ ಬಿಟ್ಟೆ. ಬೀದಿಯಲ್ಲಿ ಯಾವ ಆಟೊ ಸದ್ದಾದರೂ ಕಿಟಕಿ ಮುಚ್ಚುತ್ತಿದ್ದೆ.

ಮುಂದಿನ ವಾರ ಆಟೊ ಮತ್ತೆ ಬಂತು. ಅವೇ ಮಾತುಗಳು. ಆದರೆ ದನಿ ಅಕ್ಕನದು. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಟ್ಯೂಷನ್ ಮಕ್ಕಳ ನಡುವೆ ನಿಂತು, ತಮ್ಮದೇ ದನಿ ದಾಟಿ ಹೋಗುವುದನ್ನು ಅಕ್ಕ ಕೇಳುತ್ತಿದ್ದರು. ಆಮೇಲೆ ನೇರ ನಮ್ಮ ಮನೆಗೆ ಬಂದರು.

"ಅಮ್ಮಾ, ಮೊದಲ್ನೇದೂ ನಂದೇ ಕಣ್ರೀ. ನೆಗಡಿಯಾಗಿತ್ತು, ಅದ್ಕೇ ಇವಳ್ ವಾಯ್ಸ್ ತರ ಕೇಳಿಸ್ತು."

ಅತ್ತೆ ಅವರನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡುತ್ತಾ ನಿಂತೆ. ಅತ್ತೆ ನಂಬಲಿಲ್ಲ. ಆದರೂ, "ಕುಂದರ್ರಿ, ಚಾ ಕುಡೀರಿ" ಎಂದರು. ಅಲ್ಲಿಗೆ ಮನೆಯಲ್ಲಿ ಆ ಮಾತು ಮುಗಿಯಿತು.

ಬೀದಿಯಲ್ಲಿ ಮುಗಿಯಲಿಲ್ಲ. ಹುಡುಗರು ಅಕ್ಕನಿಗೆ 'ಪೈಲ್ಸ್ ಮಿಸ್' ಎಂದು ಹೆಸರಿಟ್ಟರು. ಕೆಲವರು ಮಕ್ಕಳನ್ನು ಟ್ಯೂಷನ್ನಿಂದ ಬಿಡಿಸಿದರು. ಅಕ್ಕ ನಕ್ಕುಬಿಡುತ್ತಿದ್ದರು. ಆ ನಗುವಿನ ಎದುರು ನಿಲ್ಲಲು ನನಗೆ ಆಗುತ್ತಿರಲಿಲ್ಲ. ಅವರ ಮನೆಯ ಬಾಗಿಲ ಮುಂದೆ ಹಾಯುವಾಗ ಹೆಜ್ಜೆ ಬಿರುಸಾಗುತ್ತಿತ್ತು.

"ಬಾರಮ್ಮ, ನಿಮ್ಮೂರ್ ಕಡೆ ಹಾಡು ಒಂದ್ ರೆಕಾರ್ಡ್ ಮಾಡಣ" ಎಂದು ಕೆಳಗಿನಿಂದ ಕರೆಯುತ್ತಿದ್ದರು.

"ನಾಳಿ ಬರ್ತೀನ್ರಿ ಅಕ್ಕಾರ" ಎನ್ನುತ್ತಿದ್ದೆ. ಆ ನಾಳೆ ಬರಲಿಲ್ಲ... ಅಕ್ಕ ಮಗಳ ಮನೆಗೆ ಹೋದರು. ಅವರು ಅಲ್ಲೇ ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಕಾರ್ಯಗಳೆಲ್ಲ ಮುಗಿದಿದ್ದವು.

ಡಬ್ಬಿ ನೋಡಿ ಬಂದ ಮರುದಿನ ಬಸ್ಸು ಹತ್ತಿ ಯಲಹಂಕಕ್ಕೆ ಹೋದೆ. ಕ್ಲಿನಿಕ್ ಇನ್ನೂ ಅಲ್ಲೇ ಇತ್ತು. ಕೌಂಟರಿನ ಹುಡುಗಿ ದನಿ ತಗ್ಗಿಸಿ, "ಎಷ್ಟ್ ದಿನದಿಂದ ತೊಂದ್ರೆ ಮೇಡಂ?" ಎಂದಳು. ನಾನು ಪೇಷೆಂಟ್ ಅಲ್ಲ, ಹಿಂದೆ ಆಟೊದಲ್ಲಿ ಹಾಕುತ್ತಿದ್ದ ಅನೌನ್ಸ್‌ಮೆಂಟ್ ಉಳಿದಿದೆಯಾ ಎಂದು ಕೇಳಿದೆ. ಅವಳು ಒಳಗೆ ವಿಚಾರಿಸಿ ಬಂದಳು.

"ಹಳೇದೆಲ್ಲ ಡಿಲೀಟ್ ಆಗ್ಬಿಟ್ಟಿದೆಯಂತೆ. ಯಾಕ್ ಬೇಕಿತ್ತು ಮೇಡಂ?"

ಬೆಂಚುಗಳಲ್ಲಿ ಕುಳಿತವರು ನನ್ನನ್ನೇ ನೋಡುತ್ತಿದ್ದರು.

"ಅದ್ರಾಗ ನಮ್ಮ ಅಕ್ಕನ ದನಿ ಇತ್ರಿ" ಎಂದೆ. "ಅದಕ್ಕಿಂತ ಮೊದ್ಲಿಂದು ನಂದು." ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಈ ಮಾತನ್ನು ಅಂದು ಅತ್ತೆಯ ಮುಂದೆ, ಅಕ್ಕ ಕೇಳುವ ಹಾಗೆ ಹೇಳಬೇಕಿತ್ತು. ಈಗ ಇಬ್ಬರೂ ಇಲ್ಲ.