ರಾಚಪ್ಪ ಕಾಕಾನ ತಿಳಿ ಬಿಯರು

ಯಾರು ಏನೇ ಕುಡಿಯಲು ಕೊಟ್ಟರೂ ರಾಚಪ್ಪ ಕಾಕಾ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೀರಾದರೂ ಅಷ್ಟೆ, ಮಜ್ಜಿಗೆಯಾದರೂ ಅಷ್ಟೆ. "ಮದಿವಿಯಾಗಿ ನಲವತ್ತು ವರ್ಷಾತು, ನನ್ನ ಚಾ ಇನ್ನೂ ಪಾಸಾಗಿಲ್ಲ," ಎಂದು ಅವರ ಹೆಂಡತಿ ನೀಲವ್ವ ಕಾಕು ಎದುರಿಗೇ ಹೇಳುತ್ತಿದ್ದರು. ಕಾಕಾ ಗಂಗಾವತಿಯ ಕಾಲೇಜೊಂದರಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದವರು. ಹುಡುಗರು ಸ್ಪಿರಿಟ್ ಖಾಲಿ ಮಾಡಿ ಬಾಟಲಿಗೆ ನೀರು ತುಂಬಿಡುತ್ತಿದ್ದರಂತೆ. ಅಂದಿನಿಂದ ಮುಚ್ಚಳ ಇರುವ ಯಾವುದನ್ನೂ ಅವರು ನಂಬಿರಲಿಲ್ಲ.

ನಿವೃತ್ತರಾದ ಮೇಲೆ ಭಾಗ್ಯನಗರದ ಮನೆಯ ಹಿಂದಿನ ಕೋಣೆಯಲ್ಲಿ, ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿ ತರಿಸಿ, ಬಿಯರ್ ಮಾಡಲು ಶುರುಮಾಡಿದರು. ಮಾರಲಿಕ್ಕಲ್ಲ, ಹೆಚ್ಚು ಕುಡಿಯಲಿಕ್ಕೂ ಅಲ್ಲ. ಗ್ಲಾಸಿನ ಹಿಂದೆ ಬೆರಳು ಇಟ್ಟರೆ ಉಗುರು ಕಾಣುವಷ್ಟು ತಿಳಿಯಾದ ಬಿಯರನ್ನು ಒಮ್ಮೆಯಾದರೂ ತನ್ನ ಕೈಯಿಂದ ಮಾಡಬೇಕು, ಇಷ್ಟೇ ಆಸೆ. ಮನೆಯಲ್ಲಿ ಹಾಗೆ ಮಾಡುವುದು ಕಾನೂನಿಗೆ ವಿರುದ್ಧವೆಂದು ಗೊತ್ತಿತ್ತು. ಬೀದಿಯಲ್ಲಿ ಜೀಪಿನ ಸದ್ದಾದರೆ ಕೋಣೆಯ ಕಿಟಕಿ ಮುಚ್ಚುತ್ತಿದ್ದರು.

ನಾನು ಅವರ ಮಹಡಿಯ ಮೇಲೆ ಬಾಡಿಗೆಗಿದ್ದೆ. ಹಾಲಿನವನು ಬಂದ ಹೊತ್ತು, ಕರೆಂಟು ಹೋದ ಹೊತ್ತು, ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವ ರೂಢಿ ನನ್ನದು. ಅದನ್ನು ನೋಡಿದ ಕಾಕಾ, "ಇದನ್ನೂ ಬರಕೋ ತಮ್ಮಾ. ನನ್ನ ಹೆಸರ ಮಾತ್ರ ಬರೀಬ್ಯಾಡ," ಎಂದಿದ್ದರು.

ಇಪ್ಪತ್ತನಾಲ್ಕು ಬಾಟಲಿಗಳು. ಪ್ರತಿಯೊಂದಕ್ಕೂ ನಂಬರಿನ ಚೀಟಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಾಕಾ ಒಂದೊಂದನ್ನೂ ಎತ್ತಿ, ತಿರುವಿ, ಬೆಳಕಿಗೆ ಹಿಡಿದು, ಎಣಿಸಿ ಇಡುತ್ತಿದ್ದರು. ಮೂರು ಸಲ ಮಾಡಿದರು. ಮೂರು ಸಲವೂ ಬಿಯರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿಯೇ ಉಳಿಯಿತು. ಮೊದಲ ಸಲ ಜವೆಗೋಧಿ ಕಳಿಸಿದವನ ಮೇಲೆ ಅನುಮಾನ. ಎರಡನೆಯ ಸಲ ನೀರಿನ ಟ್ಯಾಂಕರಿನವನ ಮೇಲೆ. ಮೂರನೆಯ ಸಲ ಮುಚ್ಚಳ ಒತ್ತುವ ಯಂತ್ರ ಕೊಟ್ಟಿದ್ದ ಸೋಡಾ ಅಂಗಡಿಯ ಬಾಬುಸಾಬರ ಮೇಲೆ.

ಬಾಬುಸಾಬರು ಅವರ ಹಳೆಯ ಗೆಳೆಯರು. ಒಂದು ಭಾನುವಾರ ಆಟೋದಲ್ಲಿ ನಳವಿರುವ ಸ್ಟೀಲಿನ ಡ್ರಮ್ಮು ತಂದು ಅಂಗಳದಲ್ಲಿ ಇಳಿಸಿದರು.

"ಬಾಟ್ಲಿ ಬಿಡು ರಾಚಪ್ಪ. ಎಲ್ಲಾ ಇದರಾಗ ಹಾಕು, ನಾ ಗ್ಯಾಸ್ ಕೂಡಸ್ತೀನಿ. ನಳ ತಿರುವಿದ್ರ ಆತು."

"ಒಳಗ ಏನೈತಿ ಅಂತ ಹೆಂಗ ಕಾಣಬೇಕು?"

"ಕುಡದ್ರ ಗೊತ್ತಾಗತೈತಿ."

"ಯಾರರ ಒಂದ್ ಗ್ಲಾಸ್ ತಗೊಂಡು ಒಂದ್ ಗ್ಲಾಸ್ ನೀರು ಹಾಕಿದ್ರ? ಬಾಟ್ಲಿ ಆದ್ರ ಎಣಸಾಕ ಬರತೈತಿ. ಎತ್ತಿ ನೋಡಾಕ ಬರಲಾರದ್ದನ್ನ ನಂಬೂದ ಹೆಂಗ ಬಾಬು?"

"ಅರೆ, ನಿನ್ನ ಬಿಯರು ಕದಿಯಾಕ ಅದು ಮೊದಲ ಛಲೋ ಆಗಬೇಕಲ್ಲೋ ಮಾರಾಯ," ಎಂದರು ಬಾಬುಸಾಬರು. ಕಾಕು ಒಳಗಿನಿಂದ ನಕ್ಕಿದ್ದು ಕೇಳಿಸಿತು. ಡ್ರಮ್ಮು ಅದೇ ಆಟೋದಲ್ಲಿ ವಾಪಸು ಹೋಯಿತು.

ನಾಲ್ಕನೆಯ ಸಲ ಬಾಟಲಿ ತುಂಬಿದ ಮರುದಿನವೇ ಕಾಕುವಿನ ತಮ್ಮ ಮರಳಿ ಎಂಬ ಊರಿನಿಂದ ಬಂದ. ಹದಿನೈದು ದಿನ ಇರುವವನು. ಕಾಕಾ ಆರು ಬಾಟಲಿಗಳನ್ನು ಚೀಲದಲ್ಲಿ ಸುತ್ತಿ ನನ್ನ ಮಂಚದ ಕೆಳಗೆ ಇಟ್ಟರು. "ಅವನು ಎಲ್ಲಾ ಮುಗಿಸಿದ್ರೂ ಇವಿಷ್ಟು ಉಳೀಲಿ. ಮುಟ್ಟಬ್ಯಾಡ." ನಾನು ಮುಟ್ಟಲಿಲ್ಲ. ಬಚ್ಚಿಟ್ಟಿದ್ದು ಮೈದುನನಿಗೆ ತಿಳಿದೀತೆಂದು ಅವರೂ ಮೇಲೆ ಬರಲಿಲ್ಲ.

ಅವನು ಊರಿಗೆ ಹೋದ ದಿನ ಕಾಕಾ ಹತ್ತಿ ಬಂದು ಒಂದನ್ನು ಮೆಲ್ಲನೆ ಎತ್ತಿ ಕಿಟಕಿಗೆ ಹಿಡಿದರು. ಜೇನಿನ ಬಣ್ಣ. ತಳದಲ್ಲಿ ತೆಳ್ಳಗೆ ಗಸಿ ಕೂತಿತ್ತು, ಮೇಲೆಲ್ಲ ತಿಳಿ. ಬಾಟಲಿಯ ಹಿಂದೆ ಅವರ ಹೆಬ್ಬೆರಳಿನ ಉಗುರು ಕಂಡಿತು.

"ಇದು ಅಂಗಡೀದು," ಎಂದರು. "ನಂದು ಎಲ್ಲಿ?"

"ಇದ ನಿಮ್ದು ಕಾಕಾ. ನಿಮ್ಮ ನಂಬರಿನ ಚೀಟಿ ಐತಿ ನೋಡ್ರಿ."

"ಚೀಟಿ ಕಿತ್ತು ಹಚ್ಚಾಕ ಬರತೈತಿ."

ನಾನು ದಿನಚರಿ ತೆರೆದು ತೋರಿಸಿದೆ. ಕೆಳಗಿನ ಹದಿನೆಂಟು ಬಾಟಲಿಗಳನ್ನು ಅವರು ದಿನಕ್ಕೆರಡು ಸಲ ಎತ್ತಿದ್ದರು, ಅವೆಲ್ಲ ಮಬ್ಬು. ಇವು ಹದಿನೈದು ದಿನ ಅಲುಗಿರಲಿಲ್ಲ. "ನೀವು ಎಣಸೂದಕ್ಕ ಗಸಿ ಮ್ಯಾಲೇಳತೈತ್ರಿ. ಎಣಸೂದು ಬಿಟ್ರ ಎಲ್ಲಾ ಹಿಂಗ ಆಗತಾವು."

ಕಾಕಾ ದಿನಚರಿ ಬಿಟ್ಟು ನನ್ನ ಮುಖ ನೋಡಿದರು. "ಎಣಸಬ್ಯಾಡ ಅಂತ ನೀನ ಹೇಳ್ತಿಯೇನು?"

ಆರನ್ನೂ ಕೆಳಗೆ ಒಯ್ದು, ನಾನು ನೋಡುತ್ತಿದ್ದಂತೆ, ಒಂದೊಂದಾಗಿ ಮೋರಿಗೆ ಸುರಿದರು. ಆಮೇಲೆ ನನ್ನೊಡನೆ ಬಾಡಿಗೆಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಎರಡು ತಿಂಗಳಿಗೆ ನಾನು ಕುಷ್ಟಗಿಗೆ ಮನೆ ಬದಲಿಸಿದೆ.

ಅವರು ತೀರಿಕೊಳ್ಳುವುದಕ್ಕೆ ಹನ್ನೊಂದು ದಿನ ಮೊದಲು ಕಾಕು ಫೋನು ಮಾಡಿ ಕರೆಸಿದರು. ಕಾಕಾ ಮಂಚದಲ್ಲಿ ಒರಗಿ ಕೂತಿದ್ದರು, ತೋಳು ಬಡಕಲಾಗಿತ್ತು. ಕುಷ್ಟಗಿಯ ಬಿಸಿಲು, ಬಸ್ಸು ಎಲ್ಲ ಕೇಳಿದರು. ಕಾಕು ಒಳಗೆ ಹೋದ ಮೇಲೆ ದನಿ ತಗ್ಗಿಸಿದರು.

"ಆ ಆರು ಬಾಟ್ಲಿ. ಖರೇ ಹೇಳು."

"ನಿಮ್ಮವ ಕಾಕಾ."

ಅವರು ತಮ್ಮ ಹೆಬ್ಬೆರಳಿನ ಉಗುರು ನೋಡಿಕೊಂಡರು. "ನನ್ನವ ಆಗಿದ್ರ, ಜೀವನದಾಗ ಛಲೋ ಆಗಿದ್ದ ಒಂದ ಒಂದು ಕೆಲಸಾನ ನನ್ನ ಕೈಲೇನ ಮೋರಿಗೆ ಹಾಕಿದಂಗಾತು. ಹೌದಿಲ್ಲೋ?"

ನಾನು ಅವರ ಕಾಲ ಮೇಲಿನ ಹೊದಿಕೆ ಸರಿಮಾಡಿದೆ.

"ಅಂಗಡೀವು ಅನ್ನು ತಮ್ಮಾ."

"ಅಂಗಡೀವು ಕಾಕಾ," ಎಂದೆ.

ಅವರು ತಲೆಯಾಡಿಸಿ ಕಣ್ಣು ಮುಚ್ಚಿದರು. ನಿದ್ದೆ ಬಂದಿರಬೇಕೆಂದು ನಾನು ಎದ್ದು ಬಾಗಿಲವರೆಗೆ ಹೋಗಿದ್ದೆ.

"ಯಾವ ಅಂಗಡೀವು?" ಎಂದರು.