ತಲೆಕೆಳಗಾದ ಮರಗಳ ಚಾಪೆ

ನಿಂಗಜ್ಜಿಯ ಚಾಪೆಗಳಲ್ಲಿ ಮರಗಳು ತಲೆಕೆಳಗಾಗಿ ನಿಂತಿರುತ್ತಿದ್ದವು. ಮೊದಲ ಸಲ ಕಂಡಾಗ ನಾನು ದೊಡ್ಡ ಜಾಣೆಯಂತೆ, ಗೋಡೆಗೆ ಒರಗಿಸಿದ್ದ ಚಾಪೆಯನ್ನು ತಿರುಗಿಸಿ ಇಟ್ಟೆ. ಅಜ್ಜಿ ಎದ್ದು ಬಂದು ಅದನ್ನು ಮತ್ತೆ ಮೊದಲಿನಂತೆ ಇಟ್ಟಳು.

"ಇವು ಕಾಡಿನ ಮರ ಅಲ್ಲ ಟೀಚರಮ್ಮ, ಕೆರೆಯೊಳಗಿನ ಮರ. ಅವು ನಿಲ್ಲೋದೇ ಹಂಗೆ."

ಕೊಡಗು ಆಗಿನ್ನೂ ಪ್ರತ್ಯೇಕ ರಾಜ್ಯ. ನಾನು ಸೋಮವಾರಪೇಟೆ ಹತ್ತಿರದ ಶಾಲೆಗೆ ಹೊಸದಾಗಿ ಬಂದ ಡ್ರಾಯಿಂಗ್ ಟೀಚರ್. ಊರ ಕೆರೆಯ ಆಚೆ ದಡದಲ್ಲಿ ಕಾಡು, ಈಚೆ ದಡದಲ್ಲಿ ಒಂಟಿ ಜೀವ ನಿಂಗಜ್ಜಿಯ ಮನೆ. ಬೆಳಗ್ಗೆ ಗಾಳಿ ಏಳುವ ಮುಂಚೆ ಆಕೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ನೀರಲ್ಲಿ ಬಿದ್ದ ಕಾಡಿನ ನೆರಳನ್ನೇ ನೋಡುವಳು. ಆಮೇಲೆ ಕೆರೆಯ ಜೊಂಡುಹುಲ್ಲಿನಲ್ಲೇ ಅದನ್ನು ನೇಯುವಳು. ನೀರಿಗೆ ಜೊಂಡಿನ ಸಹಜ ಬಣ್ಣ, ಮರಗಳಿಗೆ ಕಪ್ಪು.

ಆ ಕಪ್ಪು ನನ್ನ ನಿದ್ದೆ ಕೆಡಿಸಿತು. ಪೇಟೆಯ ಬಣ್ಣ ಎರಡು ಸಲ ಒಗೆದರೆ ಹೋಗುತ್ತದೆ. ಇದು ಜಪ್ಪಯ್ಯ ಅಂದರೂ ಬಿಡದು. ಎಲ್ಲಿಂದ ತಂದೆ ಅಜ್ಜಿ ಎಂದರೆ, "ಕಾಗೆ ಕೊಡ್ತು" ಎಂದಳು. ಮರುವಾರ, "ನನ್ನ ಕೂದಲಿಂದು. ಅದಕ್ಕೇ ನೋಡಿ, ತಲೆ ಬೆಳ್ಳಗಾಗೈತೆ." ಇನ್ನೊಮ್ಮೆ, "ಹೋದ ಅಮಾಸೆ ಕತ್ತಲು ಒಂದು ಮೊರ ಎತ್ತಿಟ್ಟಿದ್ದೆ." ಭಾನುವಾರ ಬಂದರೆ ನಾನು ಹೊಸ ಊಹೆಯೊಂದಿಗೆ ಹಾಜರು. ಮಸಿಯೇ? ಇದ್ದಿಲೇ? ಆಕೆ ಬೆಲ್ಲದ ಕಾಫಿ ಕೈಗಿಟ್ಟು, "ಇನ್ನೊಂದು ವಾರ ಯೋಚನೆ ಮಾಡ್ಕಂಡು ಬನ್ನಿ" ಎನ್ನುವಳು.

ಆಕೆಯ ಚಾಪೆಯೊಂದನ್ನು ಶಾಲೆಯಲ್ಲಿ ತೂಗುಹಾಕಿದ್ದೆ. ಮಡಿಕೇರಿಯಿಂದ ಬಂದ ಸಾಹೇಬರೊಬ್ಬರು ಅದನ್ನು ಮೆಚ್ಚಿ, ಇದನ್ನು ನೇಯ್ದಾಕೆಗೆ ಏನು ಸಹಾಯ ಬೇಕು ಎಂದು ಕೇಳಿದರು. ನಾನು ಅಜ್ಜಿಯನ್ನು ಕೇಳುವ ಗೋಜಿಗೂ ಹೋಗದೆ ಹೇಳಿಬಿಟ್ಟೆ: "ಕೆರೆ ಹೂಳು ತುಂಬಿದೆ ಸರ್. ಜೊಂಡು ಕೊಯ್ಯಲು ಪಾಪ, ಮೊಣಕಾಲುದ್ದ ಕೆಸರಿಗೆ ಇಳಿಯಬೇಕು."

ಬೇಸಿಗೆ ರಜೆ ಮುಗಿಸಿ ಬಂದಾಗ ಕೆರೆಯ ತಳ ಕೆಂಪು ಮಣ್ಣು ಕಾಣುವಷ್ಟು ಚೊಕ್ಕಟವಾಗಿತ್ತು. ಸಾಹೇಬರು ತೆಗೆಸಿದ ಹೂಳೆಲ್ಲ ಗಾಡಿಗಳಲ್ಲಿ ಗದ್ದೆಗಳಿಗೆ ಹೋಗಿತ್ತು. ಹೊಗಳಿಕೆ ಕೇಳಲು ಅಜ್ಜಿಯ ಮನೆಗೆ ಓಡಿದೆ. ಅವಳು ಖಾಲಿ ಕೈಯಲ್ಲಿ ಜಗಲಿಯ ಮೇಲೆ ಕೂತಿದ್ದಳು.

"ಅಳಲೆಕಾಯಿ ನೀರಲ್ಲಿ ಜೊಂಡು ನೆನೆಸಿ, ಏಳು ದಿನ ಆ ಕೆಸರಲ್ಲಿ ಹೂತಿಡ್ತಿದ್ದೆ. ಕರಿ ಬರ್ತಿದ್ದುದು ಅಲ್ಲಿಂದ. ಹೂಳೆತ್ತೋರಿಗೆ ಬ್ಯಾಡಿ ಸ್ವಾಮಿ ಅಂದೆ, ಕೆಸರಿಗೆ ಯಾಕಜ್ಜಿ ಅಳ್ತೀಯ ಅಂತ ನಕ್ಕರು."

ಗದ್ದೆಯಿಂದ ಒಂದಷ್ಟು ತರೋಣವೇ ಎಂದೆ.

"ಬಿಸಿಲು ಕಂಡ ಕೆಸರು ಕರಿ ಬುಡಾಕಿಲ್ಲ."

"ನನಗೆ ಮೊದಲೇ ಹೇಳಬಾರದಿತ್ತೆ ಅಜ್ಜಿ?"

ಆಕೆ ಸೆರಗಿನ ತುದಿ ತಿರುವಿದಳು. "ಹೇಳ್ಬುಟ್ರೆ ನೀವು ಬರೋದು ನಿಲ್ಲುಸ್ತೀರೇನೋ ಅನ್ನುಸ್ತು."

ನನಗೆ ಅಳು ತಡೆಯಲಾಗಲಿಲ್ಲ. ಅವಳೇ ಎದ್ದು ಕಾಫಿ ಕಾಸಿದಳು. ಆಮೇಲೂ ಭಾನುವಾರ ತಪ್ಪಿಸಲಿಲ್ಲ. ಕೇಳಲು ಮಾತ್ರ ಏನೂ ಉಳಿದಿರಲಿಲ್ಲ.

ವಿರಾಜಪೇಟೆಗೆ ವರ್ಗವಾದಾಗ ಅಜ್ಜಿ ಅರ್ಧ ನೇಯ್ದ ಚಾಪೆಯೊಂದನ್ನು ಸುತ್ತಿ ಕೊಟ್ಟಳು. ಬರೀ ನೀರು, ಮರಗಳಿರಬೇಕಾದ ಕಡೆ ನಾರಿನ ಹುರಿಗಳು ಇಳಿಬಿದ್ದಿದ್ದವು. "ಕೆರೇಲಿ ಮತ್ತೆ ಕೆಸರು ಕೂತ್ಕಳೋಗಂಟ ನಾನಿರಾಕಿಲ್ಲ. ಆಗ ನೀವೊಂದ್ಸಲ ನೋಡಿ" ಎಂದಳು. ಅದೇ ಕೊನೆಯ ಭೇಟಿ. ಎರಡು ವರ್ಷದ ಮೇಲೆ ಆಕೆ ತೀರಿಕೊಂಡ ಸುದ್ದಿ ಬಂತು.

ಕೆಲಸದಿಂದ ನಿವೃತ್ತಳಾದ ಮೇಲೆ ಆ ಊರಿಗೆ ಹೋದೆ. ಪರಿಚಯದವರ ಮನೆಯಲ್ಲಿ ಉಳಿದು, ಅಳಲೆಕಾಯಿ ನೀರಿನಲ್ಲಿ ನೆನೆಸಿದ ಒಂದು ಹಿಡಿ ಜೊಂಡನ್ನು ಕೆರೆಯಲ್ಲಿ ಮತ್ತೆ ಕೂತಿದ್ದ ಕೆಸರಿನಲ್ಲಿ ಹೂತು ಏಳು ದಿನ ಕಾದೆ. ಎಂಟನೆಯ ದಿನ ಕಿತ್ತು ತೊಳೆದರೆ ಅದೇ ಕಪ್ಪು. ಅಜ್ಜಿಯ ಮನೆಯಿದ್ದ ಕಡೆ ತಿರುಗಿ, "ಗೊತ್ತಾಯ್ತು ಅಜ್ಜಿ, ಕೆಸರು" ಎಂದೆ. ಇನ್ನೊಂದು ವಾರ ಬನ್ನಿ ಎನ್ನಲು ಅವಳಿರಲಿಲ್ಲ.